ಅಟ್ಟ ಹತ್ತಿದ ಅಗಸೆ ಪುಡಿ

ಪುಂಜಾಲಕಟ್ಟೆಯ ಸಾಲಿಹಾಳಿಗೆ ತನ್ನ ಕೈಯ ಮೇಲಿದ್ದಷ್ಟು ನಂಬಿಕೆ ಆ ಊರಿನಲ್ಲಿ ಬೇರೆ ಯಾರಿಗೂ ಯಾವುದರ ಮೇಲೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಗಂಡ ಅಬ್ದುಲ್ ವಹಾಬ್ ತಾನು ದುಡಿಯುತ್ತಿದ್ದ ಸೌದಿಯ ಜುಬೈಲಿನಿಂದ ಓವನ್ ತಂದಾಗ ಮನೆಯವರು ಅದನ್ನು ಟಿವಿಯ ಪಕ್ಕ ಇಟ್ಟು, ಮೇಲೊಂದು ಕಸೂತಿ ಬಟ್ಟೆ ಹೊದಿಸಿ, ಬಂದವರಿಗೆಲ್ಲ ತೋರಿಸುತ್ತಿದ್ದರು. ಸಾಲಿಹಾ ಒಂದು ದಿನ ಬಟ್ಟೆ ಕಿತ್ತು ಬಿಸಾಡಿ ಅದನ್ನು ಅಡುಗೆಮನೆಗೆ ಹೊತ್ತುಕೊಂಡು ಹೋದಳು. ಮೊದಲ ಕೇಕ್ ಕರಟಿತು. ಎರಡನೆಯದು ಹಪ್ಪಳದಂತೆ ಚಪ್ಪಟೆಯಾಯಿತು. ತಪ್ಪು ಕೇಕಿನದೇ ಎಂಬಂತೆ ಅದಕ್ಕೆ ಬೈದು, ಮತ್ತೆ ಹಿಟ್ಟು ಕಲಸಿದಳು. ಹೊಸ ಶತಮಾನ ಬರುವಷ್ಟರಲ್ಲಿ ಬಂಟ್ವಾಳದಿಂದ ಕಕ್ಕಿಂಜೆಯವರೆಗೆ ಮದುವೆ, ಹುಟ್ಟುಹಬ್ಬ ಎಂದರೆ ಸಾಲಿಹಾಳ ಕೇಕ್ ಎಂದಾಗಿತ್ತು.

ಆದರೆ ಮೊಟ್ಟೆ ಮುಟ್ಟದ ಮನೆಗಳಿಗೆ ಅವಳ ಕೇಕ್ ಹೋಗುತ್ತಿರಲಿಲ್ಲ. ಇದು ಅವಳಿಗೆ ಚುಚ್ಚುತ್ತಿತ್ತು. ಊರಿನ ಅರ್ಧ ಹಬ್ಬಗಳಲ್ಲಿ ತಾನಿಲ್ಲ ಎಂದರೆ ತನ್ನ ಕೈಗೆ ಏನು ಬೆಲೆ ಎಂದು ಅತ್ತೆ ಐಸಮ್ಮನ ಹತ್ತಿರ ಗೊಣಗುವಳು. ಅಂಥ ಮನೆಗಳಲ್ಲಿ ಬೇಲಿಯಾಚೆಯ ಕೇಶವಪ್ರಸಾದ ಮಾಸ್ಟ್ರ ಮನೆಯೂ ಒಂದು. ಮಾಸ್ಟ್ರ ಹೆಂಡತಿ ಶಂಕರಿಯಕ್ಕನಿಗೂ ಸಾಲಿಹಾಳಿಗೂ ಒಳ್ಳೆಯ ಸ್ನೇಹ. ಬಸಳೆ, ಬಾಳೆಗೊನೆ, ಊರಿನ ಸುದ್ದಿ ಎಲ್ಲವೂ ಬೇಲಿ ದಾಟುತ್ತಿದ್ದವು. ಸಾಲಿಹಾ ಮಾತ್ರ ಆ ಮನೆಯ ಜಗಲಿ ದಾಟಿರಲಿಲ್ಲ. ಯಾರೂ ತಡೆದಿರಲಿಲ್ಲ, ಯಾರೂ ಒಳಗೆ ಕರೆದೂ ಇರಲಿಲ್ಲ.

ಆ ವರ್ಷ ಬೇಸಗೆಯಲ್ಲಿ ಶಂಕರಿಯಕ್ಕನೇ ಬೇಲಿಯ ಹತ್ತಿರ ಬಂದು ನಿಂತರು. ಮೊಮ್ಮಗಳು ನವ್ಯಶ್ರೀಗೆ ಮಳೆಗಾಲದ ಆಟಿ ತಿಂಗಳಲ್ಲಿ ಹುಟ್ಟುಹಬ್ಬ, ಕೇಕ್ ಬೇಕೆಂದು ಈಗಲೇ ಹಟ ಹಿಡಿದಿದ್ದಾಳೆ, ಮೊಟ್ಟೆ ಇಲ್ಲದೆ ಮಾಡಲಿಕ್ಕೆ ಆಗುತ್ತದಾ ಎಂದು ಕೇಳಿದರು. ಹೇಗೆಂದು ತಿಳಿಯುವ ಮೊದಲೇ ಸಾಲಿಹಾ ಆಗುತ್ತದೆ ಎಂದುಬಿಟ್ಟಳು.

ದಾರಿ ಹೇಳಿದವನು ವಹಾಬ್. ಅವನ ಕಂಪನಿಯ ಅಡುಗೆಯವನು ಮೊಟ್ಟೆಯ ಬದಲು ಅಗಸೆ ಬೀಜದ ಪುಡಿಯನ್ನು ನೀರಿನಲ್ಲಿ ನೆನೆಸಿ ಹಾಕುತ್ತಾನಂತೆ. ಪುಡಿಯನ್ನು ಮಾತ್ರ ಫ್ರಿಜ್ಜಿನಲ್ಲಿಡು, ಅದರಲ್ಲಿ ಎಣ್ಣೆ ಉಂಟು, ಬಿಸಿ ತಾಗಿದರೆ ಕೆಡುತ್ತದೆ ಎಂದೂ ಅವನು ಫೋನಿನಲ್ಲಿ ಹೇಳಿದ್ದ. ಸಾಲಿಹಾ ಬಂಟ್ವಾಳ ಪೇಟೆಯ ಹಾಜಬ್ಬರ ಅಂಗಡಿಯಲ್ಲಿ ಅಗಸೆ ಹುಡುಕಿ ತಂದಳು. ಪುಡಿ ಮಾಡಿ ನೆನೆಸಿದರೆ ದಾಸವಾಳದ ಎಲೆ ಕಿವುಚಿದಂತೆ ಲೋಳೆಯಾಯಿತು. ಬೆಲ್ಲ, ಬಾಳೆಹಣ್ಣು, ಏಲಕ್ಕಿ ಸೇರಿಸಿ ಹೊಸ ಪಾತ್ರೆಯಲ್ಲಿ ಬೇಯಿಸಿದಳು. ಕೇಕ್ ಮೆತ್ತಗೆ ಉಬ್ಬಿ ಬಂತು.

ಅಲ್ಲಿಗೆ ನಿಲ್ಲಿಸಿದ್ದರೆ ಅವಳು ಸಾಲಿಹಾ ಹೇಗಾದಾಳು? ಮಳೆಗಾಲಕ್ಕೆಂದು ಮೆಣಸು, ಕೊತ್ತಂಬರಿ ಎಲ್ಲವನ್ನೂ ಪುಡಿ ಮಾಡಿಡುವ ದಿನಗಳು ಅವು. ಅಗಸೆಯನ್ನೂ ಒಟ್ಟಿಗೆ ಪುಡಿ ಮಾಡಿದಳು. ಐಸಮ್ಮ ಮಾತ್ರ ತನ್ನ ಪಾಲು ಕೊಡಲಿಲ್ಲ. ಊಟದ ಮೇಲೆ ಅಗಸೆ ಹುರಿದು ಜಗಿಯುವ ಹೊಸ ಚಟ ಹತ್ತಿತ್ತು ಮುದುಕಿಗೆ. ಇನ್ನು ಪುಡಿ ಎಲ್ಲಿಡುವುದು? ಫ್ರಿಜ್ ತೆರೆದರೆ ಬಂಗುಡೆ, ಬೂತಾಯಿ ಮೀನು. ಶಂಕರಿಯಕ್ಕನ ಮನೆಗೆ ಹೋಗುವ ವಸ್ತುವನ್ನು ಅದರ ಜೊತೆ ಇಡಲು ಅವಳಿಗೆ ಮನಸ್ಸು ಬರಲಿಲ್ಲ. ಹುಣಸೆ, ಹಪ್ಪಳಗಳನ್ನೆಲ್ಲ ಕಾಯುವ ಒಲೆಯ ಮೇಲಿನ ಅಟ್ಟ ಇದೊಂದನ್ನು ಕಾಯದೇ? ಮರಳುಗಾಡಿನಲ್ಲಿ ಕೂತವನಿಗೆ ನಮ್ಮ ಮಳೆ ಏನು ಗೊತ್ತು ಎಂದುಕೊಂಡು ಡಬ್ಬಿಯನ್ನು ಬೆಚ್ಚಗೆ ಅಟ್ಟಕ್ಕೆ ಏರಿಸಿದಳು.

ಹುಟ್ಟುಹಬ್ಬದ ಬೆಳಿಗ್ಗೆ ಜಡಿಮಳೆ. ಡಬ್ಬಿ ತೆರೆದಾಗ ಏನೋ ವಾಸನೆ ಬಂತು. ಅಟ್ಟದ ಹೊಗೆಯಿರಬೇಕು ಎಂದು ತಳ್ಳಿಹಾಕಿದಳು. ಕೇಕ್ ಬೇಯುತ್ತಿದ್ದಂತೆ ಐಸಮ್ಮ ಕೋಣೆಯಿಂದಲೇ ಕೇಳಿದಳು.

"ಸಾಲಿಹಾ, ಬಾಗಿಲಿಗೆ ಯಾರಾದ್ರೂ ಪೈಂಟ್ ಬಳಿತಾ ಇದ್ದಾರಾ?"

ಮಾಮಿಗೆ ಶೀತ ಆಗಿರಬೇಕು ಎಂದು ಸಾಲಿಹಾ ಉತ್ತರ ಕೊಟ್ಟಳು. ಓವನ್ನಿನ ಬಾಗಿಲು ತೆಗೆದಾಗ ಅವಳ ಮೂಗೂ ಸುಳ್ಳು ಹೇಳಲಿಲ್ಲ. ಮೂಲೆಯ ಚೂರೊಂದನ್ನು ಬಾಯಿಗಿಟ್ಟಳು. ಕಮಟು, ಕಹಿ, ಗಂಟಲು ಹಿಡಿಯಿತು.

ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಸಂಜೆಗೆ ಮೂಡುಬಿದಿರೆಯಿಂದ ಶಂಕರಿಯಕ್ಕನ ಬೀಗರು ಬರುವವರಿದ್ದರು. ಇವತ್ತು ಸೋತರೆ ಆ ಮನೆಗೆ ಇನ್ನೊಮ್ಮೆ ಕೇಕ್ ಹೋಗುವುದುಂಟೇ? ಕಪಾಟಿನಲ್ಲಿ ಬುಟ್ಟಿ ತುಂಬ ಮೊಟ್ಟೆ ಇತ್ತು. ಎರಡು ಒಡೆದು ಹಾಕಿದರೆ ಆಯಿತು, ಏಲಕ್ಕಿಯ ಪರಿಮಳದಲ್ಲಿ ಯಾರಿಗೂ ತಿಳಿಯುವುದಿಲ್ಲ. ಕೈ ಬುಟ್ಟಿಯವರೆಗೆ ಹೋಯಿತು. ಶಂಕರಿಯಕ್ಕ ಏನೂ ವಿಚಾರಿಸದೆ ತಿನ್ನುತ್ತಾರೆ ಎಂಬುದು ನೆನಪಾದದ್ದೇ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಕಪಾಟು ಮುಚ್ಚಿ ಅತ್ತೆಯ ಕೋಣೆಗೆ ನಡೆದಳು.

ಮುದುಕಿಯ ಅಗಸೆ ಬಾಟಲಿಯ ತಳದಲ್ಲಿ ಒಂದಿಷ್ಟು ಇಡೀ ಬೀಜ ಉಳಿದಿತ್ತು. ಕಚ್ಚಿ ನೋಡಿದರೆ ತಂದ ದಿನದ ಅದೇ ರುಚಿ. ಸಿಪ್ಪೆಯೊಳಗೆ ಭದ್ರವಾಗಿದ್ದ ಎಣ್ಣೆಯನ್ನು ತಾನೇ ಪುಡಿ ಮಾಡಿ ಒಲೆಯ ಕಾವಿಗೆ ಒಡ್ಡಿದ್ದಳು. ಐಸಮ್ಮ ಮುಖ ಸಿಂಡರಿಸಿದರೂ ಬಾಟಲಿ ಕೊಟ್ಟಳು. ಅದನ್ನು ಆಗಲೇ ಪುಡಿ ಮಾಡಿ ಮತ್ತೆ ಕಲಸಿದರೆ ಚಿಕ್ಕ ಕೇಕಿಗಷ್ಟೇ ಸಾಕಾಯಿತು.

ಸಂಜೆ ಕೊಡೆ ಹಿಡಿದು ಹೋಗಿ ಶಂಕರಿಯಕ್ಕನ ಜಗಲಿಯಲ್ಲಿ ನಿಂತು, ನೆಂಟರ ಎದುರೇ, ದೊಡ್ಡ ಕೇಕ್ ಹಾಳಾಯಿತು, ಪುಡಿಯನ್ನು ಅಟ್ಟದಲ್ಲಿಟ್ಟದ್ದು ತನ್ನದೇ ತಪ್ಪು ಎಂದು ಸಾಲಿಹಾ ನೇರವಾಗಿ ಹೇಳಿದಳು. ಶಂಕರಿಯಕ್ಕ ಮೊದಲ ತುಂಡನ್ನು ಮೊಮ್ಮಗಳಿಗೆ ತಿನ್ನಿಸಿ, ಎರಡನೆಯದನ್ನು ತಾವೇ ಬಾಯಿಗೆ ಹಾಕಿಕೊಂಡು ನಿಧಾನವಾಗಿ ತಿಂದರು. ಬೀಗರ ಕೈಗಳೂ ಮುಂದೆ ಬಂದವು. ಸ್ವಲ್ಪ ಹೊತ್ತಿನಲ್ಲಿ ತಟ್ಟೆ ಖಾಲಿಯಾಯಿತು.

"ನಿಮ್ಮಲ್ಲಿ ಫ್ರಿಜ್ ಉಂಟಲ್ಲ, ಅಟ್ಟದಲ್ಲಿ ಯಾಕೆ ಇಟ್ಟದ್ದು?" ಶಂಕರಿಯಕ್ಕ ಕೇಳಿದರು.

"ಅದರಲ್ಲಿ ಮೀನು ಇರ್ತದೆ ಅಕ್ಕ. ನಿಮಗೆ ಅಂತ ಇಟ್ಟದ್ದನ್ನು ಅದರ ಒಟ್ಟಿಗೆ ಹೇಗೆ ಇಡುವುದು?"

ಶಂಕರಿಯಕ್ಕ ಒಳಗೆ ಹೋಗಿ ಬಂದು, ನಮ್ಮ ಫ್ರಿಜ್ಜಿನ ಮೇಲಿನ ಖಾನೆ ಖಾಲಿ ಮಾಡಿದ್ದೇನೆ, ಇನ್ನು ಪುಡಿ ಅಲ್ಲಿಯೇ ಇರಲಿ ಎಂದರು.

ಮರುವಾರ ಸಾಲಿಹಾ ಹೊಸ ಅಗಸೆ ತಂದು, ಬೇಕಾದಷ್ಟೇ ಪುಡಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಹೊರಟಳು. ಊರಿಡೀ ಎದೆಯೆತ್ತಿ ನಡೆಯುವ ಹೆಂಗಸು ಜಗಲಿಯಲ್ಲಿ ನಿಂತು, ಡಬ್ಬಿಯನ್ನು ಮುಂದೆ ಚಾಚಿದಳು.

ಶಂಕರಿಯಕ್ಕ ಕೈ ಚಾಚಲಿಲ್ಲ.

"ಬಾ ಮಾರಾಯ್ತಿ," ಎಂದರು, "ನಮ್ಮ ಫ್ರಿಜ್ ಇರುವುದು ಅಡುಗೆಮನೆಯಲ್ಲಿ, ಜಗಲಿಯಲ್ಲಿ ಅಲ್ಲ."

ಸಾಲಿಹಾ ಚಪ್ಪಲಿ ಕಳಚಿ ಒಳಗೆ ಹೋದಳು.