ಒಲೆಯವರ ವಂಶ ಹೇಳಿದ ಶಿವವ್ವ

ಓದುವವರು ಮೊದಲೇ ಕ್ಷಮಿಸಬೇಕು. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಐದನೆಯ ಇಯತ್ತೆಗೇ ಶಾಲೆ ಬಿಟ್ಟವಳಿಗೆ ದೊಡ್ಡ ಶಬ್ದಗಳೂ ಬರುವುದಿಲ್ಲ. ಗಡಹಿಂಗ್ಲಜದ ನಮ್ಮ ಕಟ್ಟೆಯ ಮೇಲೆ ಕುಳಿತು ಶಿವವ್ವ ಹೇಳಿದ್ದನ್ನು ಮೂರು ಸಲ ಕೇಳಿ, ಎರಡು ಸಲ ಬರೆದು ಹರಿದು, ಈಗ ನೆಟ್ಟಗೆ ಬರೆದಿದ್ದೇನೆ.

ಶಿವವ್ವ ಹೆಳವರ ಹಾಲಸಿದ್ದನ ಒಬ್ಬಳೇ ಮಗಳು. ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನ ಮೇಲೆ ಮನೆ ಮುಂದೆ ಬರುತ್ತಾರೆ. ನಿಮ್ಮ ಮೂಲದವನು ಯಾರು, ಯಾವ ಊರು ಬಿಟ್ಟು ಯಾವ ಊರಿಗೆ ಬಂದ, ಅಡ್ಡಹೆಸರು ಹೇಗೆ ಬಿತ್ತು, ಎಲ್ಲವನ್ನೂ ಬಾಯಲ್ಲೇ ಹೇಳುತ್ತಾರೆ. ಅವರ ಮೊದಲ ಹಿರಿಯ ಕುಂಟನಾಗಿದ್ದನಂತೆ. ಅದಕ್ಕೇ ವಂಶ ಹೇಳುವವನು ಎತ್ತಿನ ಮೇಲೆ ಕುಳಿತು ಕಾಲಿಗೆ ಕಂಬಳಿ ಹೊದೆಯಬೇಕು. ಒಂದೊಂದು ತಲೆಮಾರಿಗೂ ಮನೆಯವರು ‘ಹೌದು’ ಅನ್ನಬೇಕು. ಕಾಳು ಮಡಿಲಿಗೆ ಬೀಳುವ ತನಕ ಹೇಳುವವನ ಕಾಲು ನೆಲಕ್ಕೆ ತಾಗಬಾರದು. ತಾಗಿದರೆ ಹೇಳಿದ್ದೆಲ್ಲ ರದ್ದು.

೧೯೪೬ರ ಸುಗ್ಗಿಯಲ್ಲಿ, ಇಚಲಕರಂಜಿಯ ನೇಕಾರರ ಓಣಿಯಲ್ಲಿ, ಹಾಲಸಿದ್ದನ ಗಂಟಲು ಕಟ್ಟಿತು. ವೈದ್ಯರು ಮೂಗಿನ ತನಕ ಕಷಾಯ ಕುಡಿಸಿದರೂ ದನಿ ಪಿಸುಮಾತಿಗಿಂತ ಮೇಲೆ ಏರಲಿಲ್ಲ. ಅವನು ಮನೆಗೆ ಮರಳಿದ ದಿನವೇ ಅಣ್ಣನ ಮಗ ಅಪ್ಪಣ್ಣ ಎತ್ತಿನ ಹಗ್ಗ ಹಿಡಿದು ನಿಂತ.

“ಕಾಕಾ, ಇನ್ನ ಮನೆತನಾ ಎಲ್ಲಾ ನನಗ ಕೊಡ್ರಿ. ಎತ್ತೂ ಕೊಡ್ರಿ.”

“ನನಗೂ ಎಲ್ಲಾ ಬರತಾವು,” ಎಂದಳು ಒಲೆಯ ಮುಂದಿದ್ದ ಶಿವವ್ವ. ನಾಲ್ಕು ನೂರು ಮನೆಗಳ ವಂಶ ಅವಳಿಗೆ ರೊಟ್ಟಿ ಬಡಿಯುತ್ತಲೇ ಬಾಯಿಪಾಠವಾಗಿತ್ತು.

“ಹೆಣ್ಣಮಗಳು ಎತ್ತು ಏರಿದ್ದು ಎಲ್ಲಿ ನೋಡೀಯವ್ವ? ಎತ್ತಿಗೇ ನಾಚಿಕಿ ಬಂದೀತು.”

ಹಾಲಸಿದ್ದ ಇಬ್ಬರನ್ನೂ ನೋಡಿ ಪಿಸುಗುಟ್ಟಿದ. “ಕೇಳಿದ್ದನ್ನ ಗಿಳೀನೂ ಹೇಳತೈತಿ. ಯಾವ ಹೆಳವನೂ ಹೇಳದ ಒಂದು ಹೊಸಾ ಮನೆತನ ಕಟ್ಟಿ, ಆ ಮನ್ಯಾಗಿನವರ ಕಡೆ ಹೌದು ಅನಿಸಿದವರಿಗೆ ಗಂಟಿ ಕೊಡತೇನಿ.” ಎತ್ತಿನ ಕೊರಳಿನ ಗಂಟೆ ಯಾರ ಕೈಗೋ, ನಾಲ್ಕು ನೂರು ಮನೆಗಳೂ ಅವರಿಗೇ.

ಅಪ್ಪಣ್ಣ ನಕ್ಕ. ಸುತ್ತಲಿನ ಒಂದೊಂದು ಮನೆಗೂ ಒಬ್ಬೊಬ್ಬ ಹೆಳವ ಇದ್ದೇ ಇದ್ದ. ಹೊಸ ಮನೆ ಎಲ್ಲಿಂದ ತರಬೇಕು?

ಶಿವವ್ವ ಮಾತ್ರ ನಗಲಿಲ್ಲ. ಅವರ ಮನೆಗೆ ಸಮೀಪದಲ್ಲೇ, ಕೊಲ್ಹಾಪುರದ ಹತ್ತಿರದ ವಳಿವಡೆಯಲ್ಲಿ, ಯುದ್ಧದ ಕಾಲಕ್ಕೆ ಬಂದ ಪೋಲಿಷ್ ನಿರಾಶ್ರಿತರ ಛಾವಣಿ, ಅಂದರೆ ಸಾಲು ಬಿಡಾರಗಳ ಶಿಬಿರ, ಇತ್ತು. ಅಲ್ಲಿ ಬ್ರೆಡ್ ಸುಡುವ ವಾಂದಾಬಾಯಿಗೆ ಅವಳು ಎರಡು ವರ್ಷದಿಂದ ಸೌದೆ ಹಾಕುತ್ತಿದ್ದಳು. ಆ ಬಾಯಿ ಐದು ಸಾವಿರ ಪೋಲಿಷರ ನಡುವೆ ಇದ್ದರೂ ಅವಳ ಅಡ್ಡಹೆಸರು ಫ್ರಾನ್ಸ್ ದೇಶದ್ದು: ಫೂರ್ನಿಯೇ. ಅಷ್ಟು ದೂರದ ಹೆಸರು ಇಷ್ಟು ದೂರ ಹೇಗೆ ನಡೆದು ಬಂತು?

ಮರುದಿನವೇ ಸೌದೆ ಇಳಿಸಿ ಕೇಳಿದಳು. ವಾಂದಾಬಾಯಿ ಹಿಟ್ಟಿನ ಕೈಯಲ್ಲೇ ಬಾಜಾರದ ಮರಾಠಿಯಲ್ಲಿ ಹೇಳಿದಳು. ಫ್ರಾನ್ಸಿನಲ್ಲಿ ಒಂದು ಹಳ್ಳಿಗೆಲ್ಲ ಒಂದೇ ಒಲೆ ಇರುತ್ತಿತ್ತು. ಅದನ್ನು ಕಾಯುವವನಿಗೆ ಫೂರ್ನಿಯೇ ಅನ್ನುತ್ತಿದ್ದರು.

“ಅಂದ್ರ ನಮ್ಮಾಗ ಬಡಿಗೇರ, ಕಂಬಾರ ಇದ್ದಂಗ. ನೀವು ಒಲೀ ಮಂದಿ,” ಎಂದಳು ಶಿವವ್ವ. “ಆ ಊರು ಯಾಕ ಬಿಟ್ರಿ?”

ಮುತ್ತಜ್ಜನ ಅಪ್ಪ ಎತಿಯೆನ್, ಫ್ರಾನ್ಸಿನ ಬಾದಶಹನ ಸೈನ್ಯಕ್ಕೆ ಬ್ರೆಡ್ ಸುಡುತ್ತ ರಷ್ಯಕ್ಕೆ ಹೋಗಿದ್ದ. ತಿರುಗಿ ಬರುವಾಗ ಹಿಮ. “ಪಾಯ್ ಬರ್ಫ್,” ಕಾಲು ಹಿಮಗಟ್ಟಿತು, ಎಂದು ವಾಂದಾಬಾಯಿ ತನ್ನ ಕಾಲು ತೋರಿಸಿದಳು. ನಡೆಯಲಾಗದವನನ್ನು ಸೈನ್ಯ ಬಿಟ್ಟು ಹೋಯಿತು. ಪೋಲೆಂಡಿನ ಒಬ್ಬ ಹುಡುಗಿ ಅವನನ್ನು ಗೊಬ್ಬರದ ಗಾಡಿಯಲ್ಲಿ ಹೇರಿಕೊಂಡು ಮನೆಗೆ ತಂದಳು. ಅವನು ಅಲ್ಲೇ ಕುಂಟುತ್ತ ಒಲೆ ಕಟ್ಟಿದ.

ಹೆಳವರ ಹಿರಿಯನ ಹಾಗೆಯೇ ಇವರ ಮೂಲದವನು ಕುಂಟ. ಶಿವವ್ವ ಮನೆಗೆ ಓಡಿ ಅಪ್ಪನಿಗೆ ಹೇಳಿದರೆ, ಅವನು ಕಣ್ಣು ಅಗಲ ಮಾಡಿ ಪಿಸುಗುಟ್ಟಿದ: “ಹಂಗಾರ ಅವನೂ ನಮ್ಮವನ ಬಿಡು.”

ಮುಂದಿನ ಭಾನುವಾರ ಶಿವವ್ವ ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಹೊದ್ದು, ಛಾವಣಿಯ ಒಲೆಯ ಮನೆಯ ಮುಂದೆ ಬಂದಳು. ಹಾಲಸಿದ್ದ ಹಗ್ಗ ಹಿಡಿದಿದ್ದ. ತಪ್ಪು ಹಿಡಿಯಲು ಅಪ್ಪಣ್ಣನೂ ಬಂದಿದ್ದ. ಪ್ರಾರ್ಥನೆ ಮುಗಿಸಿ ಬಂದ ಛಾವಣಿಯ ಮಂದಿ ಸುತ್ತ ನೆರೆದರು.

“ಒಂದೂರಿಗೊಂದೇ ಒಲಿ, ಒಲಿ ಕಾದವ ಫೂರ್ನಿಯೇ. ಅವನ ಹೆಸರು ಗೊತ್ತಿಲ್ಲ, ಗೊತ್ತಿಲ್ಲಂತ ಹೇಳತೇನಿ. ಹೌದಲ್ರಿ?”

“ಹೌದ್ರಿ,” ಎಂದಳು ವಾಂದಾಬಾಯಿ. ಇದೊಂದು ಶಬ್ದವನ್ನು ಶಿವವ್ವ ಒಂದು ವಾರ ಕಲಿಸಿದ್ದಳು.

“ಒಂದು ಹೆಸರು ಹಾಕಿದ್ರ ಏನ ಕಡಿಮಿ ಆಗತಿತ್ತು?” ಎಂದು ಅಪ್ಪಣ್ಣ ಗೊಣಗಿದ. ಹಾಲಸಿದ್ದ ಅವನ ಕಾಲು ತುಳಿದ.

ಅಷ್ಟರಲ್ಲಿ ಆಸ್ಪತ್ರೆಯ ಬಿಳಿ ಟೊಪ್ಪಿಗೆಯ ನರ್ಸಮ್ಮ ಗುಂಪು ಸೀಳಿಕೊಂಡು ಬಂದಳು. ಕಂಬಳಿಯಲ್ಲಿ ಮುಚ್ಚಿದ ಕಾಲು, ಎತ್ತಿನ ಮೇಲೆ ಕೂಗುವ ಹುಡುಗಿ, ಪಕ್ಕದಲ್ಲಿ ದನಿ ಇಲ್ಲದ ಅಪ್ಪ. ಅವಳಿಗೆ ಇನ್ನೇನು ಬೇಕು? ಹುಡುಗಿಯ ಕಾಲು ಮುರಿದಿದೆ ಎಂದುಕೊಂಡು ಚಿಟಿಕೆ ಹೊಡೆದಳು. ಇಬ್ಬರು ಗಂಡಸರು ಡೋಲಿ ತಂದರು.

ಬೇಡ ಎನ್ನಲು ಬಾಯಿ ತೆರೆದರೆ ವಂಶ ನಡುವೆ ತುಂಡಾಗುತ್ತದೆ. ಕೆಳಗೆ ಹಾರಿದರೆ ಕಾಲು ನೆಲಕ್ಕೆ ತಾಗುತ್ತದೆ. ಶಿವವ್ವ ಕಂಬಳಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಹಾಡಿಯೇ ಹಾಡಿದಳು. ಅವಳನ್ನು ಎತ್ತಿಳಿಸಿ ಡೋಲಿಯಲ್ಲಿ ಮಲಗಿಸುವುದಕ್ಕೂ ವಂಶ ಹಿಮಕ್ಕೆ ಬರುವುದಕ್ಕೂ ಸರಿಹೋಯಿತು.

“ಎತಿಯೆನ್ನನ ಕಾಲು ಸೆಟದಾವು, ಎತ್ತಿ ಹೇರ್‍ಯಾರ ಗಾಡಿಗೆ. ಹೌದಲ್ರಿ?”

ವಾಂದಾಬಾಯಿ ಡೋಲಿ ನೋಡಿದಳು, ಕಂಬಳಿ ನೋಡಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ತಂದುಕೊಂಡು, “ಹೌದ್ರಿ, ಹೌದ್ರಿ,” ಎನ್ನುತ್ತ ಡೋಲಿಯ ಹಿಂದೆ ಓಡಿದಳು. ಅವಳ ಹಿಂದೆ ಹಾಲಸಿದ್ದ, ಅವನ ಹಿಂದೆ ಎತ್ತು, ಎತ್ತಿನ ಹಿಂದೆ ಅಪ್ಪಣ್ಣ, ಅವನ ಹಿಂದೆ ಇಡೀ ಛಾವಣಿ. ಡೋಲಿಯ ಗಂಡಸರು ಓಡಿದಷ್ಟೂ ವಂಶ ಓಡಿತು. ಎತಿಯೆನ್ನನ ಮಗ ಯೂಜೆಫ್, ಹೌದು; ಅವನ ಮಗ ಆಂತೋನಿ, ಹೌದು; ಅವನ ಮಗ ಕಾರೋಲ್, ಹೌದು. ಕಾರೋಲನ ಮಗಳು ವಾಂದಾಳನ್ನು ರಷ್ಯದವರು ರೈಲಿಗೆ ತುಂಬಿ ಸೈಬೀರಿಯಕ್ಕೆ ಒಯ್ದರು. ಅಲ್ಲಿಂದ ಇರಾಣ, ಹಡಗು, ಕರಾಚಿ. ಈಗ ‘ಹೌದು’ ಅನ್ನುವವರು ಐವತ್ತು ಮಂದಿಯಾದರು, ಅವರೂ ಅದೇ ದಾರಿಯಲ್ಲಿ ಬಂದವರು. ಆಸ್ಪತ್ರೆಯ ಮೆಟ್ಟಿಲಿಗೆ ವಂಶ ವಳಿವಡೆ ಮುಟ್ಟಿತು. ವಾಂದಾಬಾಯಿ ಉಡಿಯೊಳಗಿನ ಬಿಸಿ ಬ್ರೆಡ್ಡನ್ನು ಶಿವವ್ವನ ಮಡಿಲಿಗೆ ಹಾಕಿದಳು.

ಶಿವವ್ವ ಕಂಬಳಿ ಮಡಚಿ, ಎರಡೂ ಕಾಲು ಕೆಳಗಿಟ್ಟು, ನೆಟ್ಟಗೆ ನಡೆದು ಬಂದಳು. ನರ್ಸಮ್ಮ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

“ನಡಿಯಂಗಿಲ್ಲ ಕಾಕಾ,” ಎಂದ ಅಪ್ಪಣ್ಣ ಏದುಸಿರು ಬಿಡುತ್ತ. “ಎತ್ತಿನ ಮ್ಯಾಲಿಂದ ಹೇಳಬೇಕು. ಇಕಿ ಡೋಲಿ ಮ್ಯಾಲಿಂದ ಹೇಳ್ಯಾಳ.”

“ಕಾಲು ನೆಲಕ್ಕ ತಾಗಿದ್ವೇನ?” ಎಂದು ಹಾಲಸಿದ್ದ ಪಿಸುಗುಟ್ಟಿದ.

“ಇಲ್ಲ.”

“ಸುಳ್ಳು ಒಂದರ ಹೇಳ್ಯಾಳೇನ?”

“ಅದೂ ಇಲ್ಲ.”

ಹಾಲಸಿದ್ದ ಎತ್ತಿನ ಕೊರಳಿನ ಗಂಟೆ ಬಿಚ್ಚಿ ಮಗಳ ಕೈಗೆ ಕೊಟ್ಟ. ಎತ್ತಿಗೆ ನಾಚಿಕೆಯೇನೂ ಆದಂತೆ ಕಾಣಲಿಲ್ಲ. ಅದು ಬ್ರೆಡ್ಡಿನ ಮೂಲೆಯೊಂದನ್ನು ಕಿತ್ತು ತಿನ್ನುತ್ತಿತ್ತು.

ಈಗ ಎರಡು ವರ್ಷದಿಂದ ನಮ್ಮ ಮನೆಗೂ ಶಿವವ್ವನೇ ಬರುತ್ತಾಳೆ. ವಾಂದಾಬಾಯಿ ಮೊನ್ನೆ ಹಡಗು ಹತ್ತಿ ಹೋದಳಂತೆ. ಯಾವ ಊರಿಗೆ ಎಂದು ಕಾಗದ ಬಂದ ಮೇಲೆ ವಂಶಕ್ಕೆ ಒಂದು ಸಾಲು ಸೇರಿಸಬೇಕು ಎಂದು ಶಿವವ್ವ ಕಾಯುತ್ತಿದ್ದಾಳೆ. ನಾಳೆ ಬೆಳಿಗ್ಗೆ ಅವಳು ದತ್ತವಾಡಕ್ಕೆ ಹೊರಡುವ ಮುಂಚೆ ನಾನು ಇದನ್ನು ಅವಳಿಗೆ ಓದಿ ಹೇಳುತ್ತೇನೆ. ಅವಳು ‘ಹೌದು’ ಅನ್ನದ ಸಾಲನ್ನು ಹೊಡೆದುಹಾಕುತ್ತೇನೆ.