ಹಕ್ಕಿ ಸುಮ್ಮನಾದ ಬೆಳಿಗ್ಗೆ

ನಾನು ಚಿಕ್ಕವನಿದ್ದಾಗ ನಮ್ಮ ಬೂಕನಕೆರೆ ಮನೆಯಲ್ಲಿ ಗದ್ದಲವಾದರೆ ಯಾರೂ ಹೆದರುತ್ತಿರಲಿಲ್ಲ. ಗದ್ದಲ ನಿಂತ ಒಂದು ಬೆಳಿಗ್ಗೆ ಮಾತ್ರ ಎಲ್ಲರೂ ನಡುಗಿಹೋದೆವು. ನಗಬೇಡಿ, ಪೂರ್ತಿ ಕೇಳಿ.

ಅದು ತೊಂಬತ್ತರ ದಶಕ. ಮನೆಗೆ ಆಗಷ್ಟೇ ಗ್ಯಾಸ್ ಒಲೆ ಬಂದಿತ್ತು. ಅಕ್ಕ ಬಾಣಂತನಕ್ಕೆ ಬಂದಿದ್ದಳು. ಅವಳ ಜೊತೆ ಕೂಸು ಬಂತು, ಪಂಜರದಲ್ಲಿ ಒಂದು ಜೋಡಿ ಲವ್‌ಬರ್ಡ್ಸ್ ಬಂತು, ಭಾವ ಮೈಸೂರಿನಲ್ಲಿ ಕೊಂಡ ನಾನ್‌ಸ್ಟಿಕ್ ತವಾವೂ ಬಂತು. ಪಂಜರವನ್ನು ಅಡುಗೆಮನೆಯಲ್ಲಿ ತೂಗುಹಾಕಿದ್ದೆವು. ಆ ಹಕ್ಕಿಗಳು ಒಂದು ಗಳಿಗೆಯೂ ಬಾಯಿ ಮುಚ್ಚುತ್ತಿರಲಿಲ್ಲ. ಪಕ್ಕದ್ದೇ ಬಾಣಂತಿ ಕೋಣೆ. ಕೂಸಿಗೆ ಥಂಡಿ ಹಿಡಿದೀತೆಂದು ಅವ್ವ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗೂ ಹಳೆ ಸೀರೆ ತುರುಕಿದ್ದಳು. ಒಳಗೆ ಹಗಲಿನಲ್ಲೂ ಮಬ್ಬುಗತ್ತಲು, ಸಾಂಬ್ರಾಣಿ, ಬೆಳ್ಳುಳ್ಳಿಯ ವಾಸನೆ.

ಆ ಬೆಳಿಗ್ಗೆ ಅವ್ವ ಹೊಸ ತವಾವನ್ನು ಮೊದಲ ಸಲ ಒಲೆಗೇರಿಸಿದಳು. ಅವಳಿಗೆ ಗೊತ್ತಿದ್ದದ್ದು ಕಬ್ಬಿಣದ ಕಾವಲಿಯ ರೀತಿ. ಬರೀ ಕಾವಲಿ ಹೊಗೆಯಾಡುವಷ್ಟು ಕಾಯಬೇಕು, ಈರುಳ್ಳಿ ಹೋಳನ್ನು ಎಣ್ಣೆಗದ್ದಿ ಉಜ್ಜಬೇಕು, ಆಗಲೇ ದೋಸೆ ಏಳುವುದು. ಇದನ್ನೂ ಹಾಗೆಯೇ ಜೋರು ಉರಿಯ ಮೇಲೆ ಬಿಟ್ಟು, ಹಸುವಿಗೆ ಕಲಗಚ್ಚು ಇಡಲು ಹಿತ್ತಲಿಗೆ ಹೋದಳು.

ನಾನು ನಡುಮನೆಯಲ್ಲಿ ಮಗ್ಗಿ ಬರೆಯುತ್ತಿದ್ದೆ. ಇದ್ದಕ್ಕಿದ್ದಂತೆ ಮನೆ ನಿಶ್ಶಬ್ದವಾಯಿತು. ಹೋಗಿ ಇಣುಕಿದರೆ, ಒಂದು ಹಕ್ಕಿ ಪಂಜರದ ತಳದಲ್ಲಿ ಕಾಲು ಮೇಲೆ ಮಾಡಿ ಬಿದ್ದಿತ್ತು. ಗಾಯವಿಲ್ಲ, ರಕ್ತವಿಲ್ಲ. ಇನ್ನೊಂದು ನನ್ನನ್ನೇ ನೋಡುತ್ತಾ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸದ್ದೇ ಬರುತ್ತಿರಲಿಲ್ಲ. "ಅವ್ವಾ!" ಎಂದು ಕಿರುಚಿದೆ.

ಓಡಿಬಂದ ಅವ್ವ ಒಲೆ ಆರಿಸಿ, ಪಂಜರ ನೋಡಿ ಎದೆ ಹಿಡಿದುಕೊಂಡಳು. "ಅಯ್ಯೋ ಶಿವ್ನೇ, ಯಾವ್ದೋ ಪೀಡೆ ಒಳಕ್ ಬಂದ್ಬುಟ್ಟದೆ! ಬಾಗ್ಲು ಹಾಕ್ಲಾ, ಕೂಸ್ನ ಆಚೆಗ್ ತರಬ್ಯಾಡ!"

ಅಕ್ಕ ಕೂಸನ್ನು ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಒಂದ್ನ ತಕ್ಕಂಡೋಯ್ತು. ಇನ್ ಯಾರ್ ಸರದಿ ಅವ್ವ?" ಎಂದಳು. "ನಾ ಇಲ್ಲಿರಾಕಿಲ್ಲ ಕಣವ್ವ. ಲೇ, ಪಂಜ್ರ ಎತ್ಕೊಂಡ್ ಬಾರ್ಲಾ!" ಎಂದು ಬಾಣಂತಿ ಬರಿಗಾಲಲ್ಲೇ ಅಂಗಳಕ್ಕೆ ನಡೆದುಬಿಟ್ಟಳು.

ಹೊಂಗೆ ಮರದ ಕೆಳಗೆ ಕೂತೆವು. ಕೂಸು ಅಲುಗಲಿಲ್ಲ. ಅಕ್ಕ ಅದರ ಪಾದ ಚಿವುಟಿದಳು. ಅಬ್ಬಾ, ಅತ್ತಿತು ನೋಡಿ! ಅಷ್ಟು ಸೊಗಸಾದ ಅಳು ನಾನು ಮತ್ತೆ ಕೇಳಿಲ್ಲ. ಸಂಜೆಗೆ ಉಳಿದ ಹಕ್ಕಿಯೂ ಒಮ್ಮೆ ಕೀಚ್ ಎಂದಿತು.

ಪೀಡೆ ಒಲೆಯ ಮೇಲೇ ಕೂತಿತ್ತೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಾನ್‌ಸ್ಟಿಕ್ ತವಾವನ್ನು ಬರಿದಾಗಿ ಜೋರು ಉರಿಯಲ್ಲಿ ಕಾಯಿಸಿದರೆ ಅದರ ಕರಿ ಲೇಪ ವಿಷದ ಹೊಗೆ ಬಿಡುತ್ತದಂತೆ, ಹಕ್ಕಿಯ ಪುಟ್ಟ ಎದೆಗೂಡು ಅದನ್ನು ತಾಳಿಕೊಳ್ಳುವುದಿಲ್ಲವಂತೆ.

ಈಗ ನೀವು ಬರೀ ತವಾ ಒಲೆಯ ಮೇಲಿಟ್ಟು ಫೋನು ನೋಡುತ್ತಾ ನಿಲ್ಲುತ್ತೀರಿ. ನಾನು ಗದರಿದರೆ "ಅಪ್ಪಂದು ಶುರುವಾಯ್ತು" ಅನ್ನುತ್ತೀರಿ. ಕಬ್ಬಿಣದ ಕಾವಲಿ ಬೇಕಾದರೆ ಕಾಯಲಿ, ಆಮೇಲೆ ಒರೆಸಿ ಎಣ್ಣೆ ಸವರಿಡಿ. ಈ ನಾನ್‌ಸ್ಟಿಕ್ ತವಾಕ್ಕೆ ಮಾತ್ರ ಸಣ್ಣ ಉರಿ ಸಾಕು, ಕಿಟಕಿ ತೆರೆದಿರಲಿ. ನಮಗೆ ಅಪಾಯ ಹೇಳುವುದಕ್ಕೆ ಹಕ್ಕಿಗಳಿದ್ದವು. ನಿಮ್ಮ ಅಡುಗೆಮನೆಯಲ್ಲಿ ಹಕ್ಕಿಯಿಲ್ಲ, ಅದಕ್ಕೇ ನಾನು ಕೂಗಾಡುತ್ತೇನೆ.