ಮುಖ್ಯೋಪಾಧ್ಯಾಯಿನಿಯ ಪಾಠಕ್ಕೆ ಕುಳಿತ ಅರ್ವಿಡ್

ನಾರ್ವೆಯ ಒಂದು ದ್ವೀಪದ ಶಾಲೆಗೆ ಗುನ್ವೋರ್ ಮುಖ್ಯೋಪಾಧ್ಯಾಯಿನಿಯಾದಾಗ ಯಾರೂ ಹುಬ್ಬೇರಿಸಲಿಲ್ಲ. ಮೀನಿನ ಕಾರ್ಖಾನೆಯ ಕೆಲಸದವಳ ಮಗಳು. ಅಲ್ಲೇ ಓದಿ, ಅಲ್ಲೇ ಬಹಳ ಕಾಲ ಗಣಿತ ಹೇಳಿಕೊಟ್ಟವಳು.

ಅಲ್ಲಿನ ಶಿಕ್ಷಕರಿಗೆ ತರಬೇತಿ ಎಂದರೆ ತಲೆನೋವು. ಪ್ರತಿವರ್ಷ ಪಟ್ಟಣದಿಂದ ತಜ್ಞನೊಬ್ಬ ಬರುತ್ತಿದ್ದ. ಪರದೆಯ ಮೇಲೆ ಚಿತ್ರ ತೋರಿಸಿ, ಕಾಫಿ ಕುಡಿದು, ಸಂಜೆಯ ದೋಣಿಗೆ ಹೊರಟುಬಿಡುತ್ತಿದ್ದ. ಹಿರಿಯ ಶಿಕ್ಷಕ ಅರ್ವಿಡ್ ಹಿಂದೆ ಕೂತು ತೂಕಡಿಸುತ್ತಿದ್ದ.

ಗುನ್ವೋರ್ ಅದನ್ನು ನಿಲ್ಲಿಸಿದಳು. "ಒಬ್ಬರ ಪಾಠಕ್ಕೆ ಇನ್ನೊಬ್ಬರು ಹೋಗಿ ಕೂರೋಣ. ಆಗ ನಿಮ್ಮ ತರಗತಿ ನಾನು ನೋಡ್ಕೋತೀನಿ," ಎಂದಳು.

"ತಪ್ಪು ಹುಡುಕೋಕೆ ಹೊಸ ದಾರಿ ಕಂಡ್ಕೊಂಡ್ಯಾ, ತಾಯಿ?" ಎಂದ ಅರ್ವಿಡ್. ಉಳಿದವರು ನಕ್ಕರು.

"ಮೊದ್ಲು ನನ್ನ ತಪ್ಪೇ ಹುಡುಕು. ನಾಳೆ ನಿನಗೆ ಬಿಡುವಿರೋ ಹೊತ್ತಲ್ಲಿ ಆರನೇ ತರಗತಿಗೆ ಭಿನ್ನರಾಶಿ ಹೇಳ್ಕೊಡ್ತೀನಿ, ಬಾ."

ಮರುದಿನ ಪಾಠ ಸೊಗಸಾಗಿಯೇ ಆಯಿತೆಂದು ಅವಳಿಗನ್ನಿಸಿತು.

"ಹೇಗಿತ್ತಯ್ಯ?"

"ಪ್ರಶ್ನೆ ನೀನೇ ಕೇಳ್ತೀಯ, ಮಕ್ಕಳು ಬಾಯಿ ಬಿಡೋಕ್ಮುಂಚೆ ಉತ್ತರಾನೂ ನೀನೇ ಹೇಳ್ತೀಯ. ಕಿಟಕಿ ಪಕ್ಕದ ಹುಡುಗಿ ಕೈ ಎತ್ತಿ ಎತ್ತಿ ಸೋತ್ಲು."

ಗುನ್ವೋರ್ ಮುಖ ಕೆಂಪಾಯಿತು. ಮನೆಗೆ ನಡೆಯುವಾಗ ಬಂದರಿನವರೆಗೂ ಅವನ ಮೇಲೇ ಸಿಟ್ಟು. ಆಮೇಲೆ, ಇಷ್ಟು ವರ್ಷ ಇದನ್ನು ಯಾರೂ ತನಗೆ ಹೇಳಿರಲಿಲ್ಲವಲ್ಲ ಎಂದು ಕಸಿವಿಸಿ.

ಮುಂದಿನ ವಾರ ಅವನನ್ನು ಮತ್ತೆ ಕರೆದಳು. ಪ್ರಶ್ನೆ ಕೇಳಿ ತುಟಿ ಕಚ್ಚಿಕೊಂಡು ನಿಂತಳು. ಕೊನೆಗೆ ಕಿಟಕಿ ಪಕ್ಕದ ಹುಡುಗಿ ಉತ್ತರ ಹೇಳಿದಳು, ತಪ್ಪು ಉತ್ತರ. ಪಕ್ಕದವನು ಅಲ್ಲಗಳೆದ, ಇಬ್ಬರಿಗೂ ವಾದ ಹತ್ತಿಕೊಂಡಿತು, ಇಡೀ ತರಗತಿ ಅದರೊಳಗೆ ಬಿತ್ತು. ಗಂಟೆ ಹೊಡೆದದ್ದೂ ತಿಳಿಯಲಿಲ್ಲ.

ಮಕ್ಕಳು ಹೋದಮೇಲೂ ಅರ್ವಿಡ್ ಏಳಲಿಲ್ಲ. "ನನ್ನ ಎಂಟನೇ ತರಗತಿ ಕೈಮೀರಿ ಹೋಗಿದೆ, ಗುನ್ವೋರ್. ಯಾರ ಹತ್ರಾನೂ ಹೇಳ್ಕೊಂಡಿರ್ಲಿಲ್ಲ. ಈ ಬೇಸಿಗೆಗೆ ಕೆಲಸ ಬಿಡೋಣ ಅಂತಿದ್ದೆ."

ಅದೇ ಮಕ್ಕಳು ಮಾರೆನ್ ಎಂಬ ಹೊಸ ಶಿಕ್ಷಕಿಯ ಮುಂದೆ ತೆಪ್ಪಗಿರುತ್ತಿದ್ದರು. ಗುನ್ವೋರ್ ಅವನನ್ನು ಅವಳ ಪಾಠಗಳಿಗೆ ಕಳಿಸಿ, ಅವನ ಉಳಿದ ತರಗತಿಗಳನ್ನು ತಾನೇ ನಡೆಸಿದಳು. ಮಾರೆನ್ ದನಿ ಏರಿಸುತ್ತಿರಲಿಲ್ಲ. ಗಲಾಟೆ ಮಾಡುವವನ ಪಕ್ಕದಲ್ಲಿ ಹೋಗಿ ನಿಂತು ಪಾಠ ಮುಂದುವರಿಸುತ್ತಿದ್ದಳು, ಅಷ್ಟೇ. ಅರ್ವಿಡ್ ಅದನ್ನು ಕಲಿಯಲು ಹೆಣಗಿದ. ಒಂದು ದಿನ ಆಗುತ್ತಿತ್ತು, ಇನ್ನೊಂದು ದಿನ ಇಲ್ಲ.

ವಸಂತದ ಹೊತ್ತಿಗೆ ಹೆಚ್ಚಿನವರು ತಮ್ಮ ಪಾಠಕ್ಕೆ ಇನ್ನೊಬ್ಬರನ್ನು ಕರೆಯತೊಡಗಿದ್ದರು. ಸಂಗೀತದ ಮೇಷ್ಟ್ರು ಮಾತ್ರ ಒಪ್ಪಲೇ ಇಲ್ಲ. ಗುನ್ವೋರ್ ಒತ್ತಾಯಿಸಲಿಲ್ಲ. ಅರ್ವಿಡ್ ಆ ಬೇಸಿಗೆಯಲ್ಲಿ ಕೆಲಸ ಬಿಡಲಿಲ್ಲ.